ತಪ್ಪಿಗೂ ಎಡೆಯಿರಲಿ

ಮನುಷ್ಯನಾದವನು ತಪ್ಪದೆ ಇರಲಾರ ಎಂಬ ಮಾತನ್ನು ಒಪ್ಪದವರು ವಿರಳ. ಆದರೆ ಆ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಮುಗಿಸದೆ, ತಾವು ಕಟ್ಟುವ ಸೇತುವೆಯಲ್ಲಿ, ಓಡಿಸುವ ಯಂತ್ರದಲ್ಲಿ, ನಡೆಸುವ ಸಂಸ್ಥೆಯಲ್ಲಿ ಕಾರ್ಯರೂಪಕ್ಕೆ ತರುವವರು ಇನ್ನೂ ವಿರಳ. ಲೋಕದ ವ್ಯವಸ್ಥೆಗಳು ಬಹುಮಟ್ಟಿಗೆ, ಎಲ್ಲರೂ ಎಚ್ಚರವಾಗಿದ್ದರೆ ಏನೂ ಆಗದು ಎಂಬ ನಂಬಿಕೆಯ ಮೇಲೆ ನಿಂತಿವೆ. ಎಲ್ಲರೂ ಸದಾ ಎಚ್ಚರವಾಗಿರಲಾರರು ಎಂಬುದಾದರೋ ಅನುಭವಸಿದ್ಧವಾದ ಸಂಗತಿ. ಹೀಗಿರುವಾಗ, ಎಚ್ಚರ ತಪ್ಪಿದ ಒಂದು ಗಳಿಗೆಯಲ್ಲಿ ಏನು ಆಗಬೇಕು, ಏನು ಆಗಕೂಡದು ಎಂಬುದನ್ನು ಮುಂಚಿತವಾಗಿ ಯೋಚಿಸಿಡುವುದು ಕೇವಲ ಎಂಜಿನಿಯರರ ಕೌಶಲವಲ್ಲ. ಅದು ನೀತಿವಿಚಾರವೂ ಹೌದು.

ವ್ಯಾಪಾರಸ್ಥರಿಗೆ ಈ ವಿಚಾರ ಹೊಸತಲ್ಲ. ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ ಎಷ್ಟೇ ನಿಪುಣನಾದರೂ ದಿನವೊಂದಕ್ಕೆ ನೂರಾರು ಕಲಮುಗಳನ್ನು ಬರೆಯುವಾಗ ಒಂದು ಅಂಕೆ ಹಿಂದುಮುಂದಾಗುವುದು ಸಹಜ. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಲೂಕಾ ಪಾಚಿಯೋಲಿ ಎಂಬ ಕ್ರೈಸ್ತ ವಿರಕ್ತನು ವಿವರಿಸಿದ ದ್ವಿನಮೂದು ಪದ್ಧತಿ ಈ ಸಹಜತೆಯನ್ನು ಒಪ್ಪಿಕೊಂಡೇ ಹುಟ್ಟಿದೆ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆದರೆ, ಒಂದು ಕಡೆ ಕೈತಪ್ಪಿದಾಗ ತಾಳೆಪಟ್ಟಿ ಕೂಡಿಬರುವುದಿಲ್ಲ. ತಪ್ಪು ತಾನಾಗಿ ಕೂಗಿ ಹೇಳುತ್ತದೆ. ಆದರೆ ತಾಳೆಪಟ್ಟಿಗೂ ಕಾಣದ ತಪ್ಪುಗಳಿವೆ. ಬರೆಯದೆಯೇ ಬಿಟ್ಟುಹೋದ ಕಲಮು ಅದಕ್ಕೆ ಕಾಣದು. ಒಂದನ್ನೊಂದು ಸರಿದೂಗಿಸುವ ಎರಡು ತಪ್ಪುಗಳೂ ಕಾಣವು. ಆದುದರಿಂದಲೇ ಅದರ ಮೇಲೆ ಲೆಕ್ಕಪರಿಶೋಧಕನೆಂಬ ಇನ್ನೊಂದು ಕಣ್ಣು. ಗುಮಾಸ್ತನ ಮೇಲಿನ ಅವಿಶ್ವಾಸದಿಂದ ಹುಟ್ಟಿದ ಏರ್ಪಾಡಲ್ಲ ಇದು. ಒಂದು ಕೈತಪ್ಪಿನಿಂದ ಆತನ ಮಾನವೂ ಯಜಮಾನನ ಮನೆಯೂ ಮುಳುಗದಿರಲೆಂಬ ಕಾಳಜಿಯಿಂದ ಹುಟ್ಟಿದ್ದು.

ಎಂಜಿನಿಯರಿಂಗ್ ಶಾಸ್ತ್ರದಲ್ಲಿ ಇದೇ ಕಾಳಜಿ ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣುತ್ತದೆ. ಮೊದಲನೆಯದು, ಕೆಟ್ಟರೂ ಕ್ಷೇಮದ ಕಡೆಗೇ ಕೆಡುವಂತೆ ರಚಿಸುವುದು. ರೈಲಿನ ಬ್ರೇಕಿಗೆ ಗಾಡಿಯುದ್ದಕ್ಕೂ ಒತ್ತಡದ ಗಾಳಿಯ ಕೊಳವೆ ಇರುತ್ತದೆ. ಗಾಳಿಯ ಒತ್ತಡ ಇರುವಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ. ಕೊಳವೆ ಒಡೆದರೆ, ಬೋಗಿಗಳು ಕಳಚಿಕೊಂಡರೆ, ಒತ್ತಡ ಇಳಿದು ಬ್ರೇಕು ತಾನಾಗಿ ಬೀಳುತ್ತದೆ. ಮನೆಯ ವಿದ್ಯುತ್ ಫ್ಯೂಸು ತಾನು ಸುಟ್ಟು ಮನೆಯನ್ನು ಉಳಿಸುವುದೂ ಇದೇ ಜಾತಿಯದು. ಎರಡನೆಯದು, ಒಂದು ಹೋದರೆ ಇನ್ನೊಂದು ನಿಲ್ಲುವಂತೆ ಜೋಡಿ ಇಡುವುದು. ಎರಡು ಎಂಜಿನ್ನಿನ ವಿಮಾನ ಒಂದೇ ಎಂಜಿನ್ನಿನಲ್ಲಿ ಹಾರಿ ಇಳಿಯಬಲ್ಲುದು. ಮೂರನೆಯದು, ಎಡೆ ಬಿಡುವುದು. ಲೆಕ್ಕಕ್ಕೆ ಬೇಕಾದುದಕ್ಕಿಂತ ತುಸು ಹೆಚ್ಚಿನ ಬಲ, ತುಸು ಹೆಚ್ಚಿನ ಜಾಗ, ತುಸು ಹೆಚ್ಚಿನ ಕಾಲ. ಈ ಮೂರನೆಯದೇ ಅತ್ಯಂತ ಸರಳ, ಮತ್ತು ದುಂದುವೆಚ್ಚವೆಂದು ಎಲ್ಲಕ್ಕಿಂತ ಮೊದಲು ಕತ್ತರಿಗೆ ಸಿಕ್ಕುವುದೂ ಇದೇ. ಆ ಎಡೆಯ ಬೆಲೆಯೇನೆಂಬುದನ್ನು ಮಂಗಳೂರು ಬಲ್ಲುದು.

ಬಜ್ಪೆಯ ವಿಮಾನ ನಿಲ್ದಾಣ ಪ್ರಾರಂಭವಾದದ್ದು 1951ರ ಡಿಸೆಂಬರ್ 25ರಂದು. ಕರಾವಳಿಯ ಏರುತಗ್ಗಿನ ನೆಲದಲ್ಲಿ ಗುಡ್ಡದ ನೆತ್ತಿಯನ್ನೇ ಸಮತಟ್ಟು ಮಾಡಿ ನಿರ್ಮಿಸಿದುದರಿಂದ ಇದಕ್ಕೆ ಟೇಬಲ್ ಟಾಪ್ ನಿಲ್ದಾಣವೆಂಬ ಹೆಸರು. ರನ್‌ವೇ ಮುಗಿದ ಸ್ವಲ್ಪ ದೂರದಲ್ಲಿ ನೆಲವೂ ಮುಗಿದು ಕಣಿವೆ ಪ್ರಾರಂಭವಾಗುತ್ತದೆ. 1981ರಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ಹಳೆಯ ರನ್‌ವೇಯನ್ನು ದಾಟಿ ಅಂಚಿನಲ್ಲಿ ನಿಂತಿತ್ತು, ಅಂದು ಪ್ರಾಣಹಾನಿಯಾಗಲಿಲ್ಲ. ದೊಡ್ಡ ವಿಮಾನಗಳಿಗಾಗಿ 2450 ಮೀಟರ್ ಉದ್ದದ ಎರಡನೆಯ ರನ್‌ವೇ 2006ರಲ್ಲಿ ಬಳಕೆಗೆ ಬಂದಿತು.

2010ರ ಮೇ 22, ಶನಿವಾರ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ 737-800 ವಿಮಾನ ಬೆಳಗ್ಗೆ ಆರು ಗಂಟೆಯ ಸುಮಾರಿಗೆ ಈ ಹೊಸ ರನ್‌ವೇಯಲ್ಲಿ ಇಳಿಯಿತು. ನಿಲ್ಲಲಾರದೆ ಅಂಚನ್ನು ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಉರಿಯಿತು. ವಿಮಾನದಲ್ಲಿದ್ದವರು 166 ಮಂದಿ, ಉಳಿದವರು 8, ಅಸುನೀಗಿದವರು 158. ಅವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳವರು. ಗಲ್ಫಿನ ದುಡಿಮೆಯಿಂದ ಮನೆಗೆ ಮರಳುತ್ತಿದ್ದವರು. ಅಂದು ಮಳೆಯಿರಲಿಲ್ಲ, ಗಾಳಿ ಶಾಂತವಾಗಿತ್ತು, ರನ್‌ವೇ ಒಣಗಿತ್ತು, ದೃಷ್ಟಿ ಆರು ಕಿಲೋಮೀಟರಿನವರೆಗೆ ನಿಚ್ಚಳವಾಗಿತ್ತು. ಪ್ರಕೃತಿಯ ಮೇಲೆ ದೂರು ಹೇಳುವಂತಿರಲಿಲ್ಲ.

ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯವು ನೇರ ಕಾರಣವನ್ನು ಸ್ಪಷ್ಟವಾಗಿ ಹೇಳಿತು. ವಿಮಾನ ಇಳಿಯಬೇಕಾದ ಎತ್ತರ, ವೇಗಗಳಲ್ಲಿ ಇರಲಿಲ್ಲ. ಸಹಪೈಲಟ್ ಮೂರು ಬಾರಿ ‘ಗೋ ಅರೌಂಡ್’, ಎಂದರೆ ಇಳಿಯುವುದನ್ನು ಕೈಬಿಟ್ಟು ಮೇಲೇರಿ ಮತ್ತೆ ಸುತ್ತಿ ಬರೋಣ ಎಂದು ಹೇಳಿದರೂ, ನೆಲದ ಸಾಮೀಪ್ಯವನ್ನು ಎಚ್ಚರಿಸುವ ಉಪಕರಣ ಮತ್ತೆ ಮತ್ತೆ ಕೂಗಿದರೂ ಮುಖ್ಯ ಪೈಲಟ್ ಪಟ್ಟು ಬಿಡದೆ ಇಳಿಸಿದರು. ಚಕ್ರಗಳು ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 5200 ಅಡಿ ದೂರದಲ್ಲಿ. ಉಳಿದದ್ದು ಸುಮಾರು 2800 ಅಡಿ ಮಾತ್ರ.

ಇಷ್ಟನ್ನು ಓದಿದವರು ‘ತಪ್ಪು ಪೈಲಟ್‌ನದು’ ಎಂದು ವರದಿಯನ್ನು ಮಡಿಸಿಡುವುದುಂಟು. ಆದರೆ ವರದಿ ಅಲ್ಲಿಗೆ ನಿಲ್ಲುವುದಿಲ್ಲ. ಧ್ವನಿಮುದ್ರಿಕೆಯ ಎರಡು ಗಂಟೆ ಐದು ನಿಮಿಷಗಳಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಪೈಲಟ್‌ಗಳ ನಡುವೆ ಮಾತೇ ಇಲ್ಲ. ಮುಖ್ಯ ಪೈಲಟ್ ದೀರ್ಘಕಾಲ ನಿದ್ರಿಸಿದ್ದರು. ಅದು ದೇಹವು ಸಹಜವಾಗಿ ಜಡವಾಗುವ ಬೆಳಗಿನ ಜಾವ. ನಿದ್ರೆಯಿಂದೆದ್ದ ಮಂಪರು ತೀರ್ಮಾನಶಕ್ತಿಯನ್ನು ಕುಗ್ಗಿಸಿರಬಹುದು. ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟಿತ್ತು. ಆ ಕಾರಣ, ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ವಾಡಿಕೆಗಿಂತ ಹತ್ತಿರದಲ್ಲಿ. ವಿಮಾನ ಎತ್ತರದಲ್ಲೇ ಉಳಿಯಿತು. ಮುಖ್ಯ ಪೈಲಟ್‌ನ ಕೈಯಿಂದ ಚುಕ್ಕಾಣಿ ತೆಗೆದುಕೊಳ್ಳುವ ಅಧಿಕಾರ ಸಹಪೈಲಟ್‌ಗೆ ಯಾವಾಗ ಉಂಟು ಎಂಬ ಬಗ್ಗೆ ಸೂಚನೆಗಳಲ್ಲಿಯೇ ಸಂದಿಗ್ಧತೆ ಇತ್ತು. ನೆಲ ಮುಟ್ಟಿದ ಮೇಲಾದರೂ ಪೂರ್ಣ ಬ್ರೇಕು ಹಾಕಿದ್ದರೆ ವಿಮಾನ ನಿಲ್ಲಬಹುದಾಗಿತ್ತು. ಆದರೆ ಕೊನೆಯ ಗಳಿಗೆಯಲ್ಲಿ ಮತ್ತೆ ಮೇಲೇರುವ ಯತ್ನ ನಡೆಯಿತು. ರನ್‌ವೇಯ ಆಚೆ ರೆಕ್ಕೆಯು ಇಳಿಯುವ ದಿಕ್ಕನ್ನು ತೋರುವ ಆಂಟೆನಾದ ಕಾಂಕ್ರೀಟ್ ಆಧಾರಕ್ಕೆ ಬಡಿಯಿತು. ಅದರಾಚೆ ಕಣಿವೆ.

ವಾಚಕರು ಈ ಸರಪಣಿಯನ್ನು ಕೊಂಡಿಕೊಂಡಿಯಾಗಿ ನೋಡಬೇಕು. ಕೆಟ್ಟ ರೇಡಾರ್ ಒಂದರಿಂದಲೇ ವಿಮಾನ ಬೀಳುವುದಿಲ್ಲ. ನಿದ್ರೆಯ ಮಂಪರು ಒಂದರಿಂದ ಬೀಳುವುದಿಲ್ಲ. ಎತ್ತರದಲ್ಲಿ ಉಳಿದ ವಿಮಾನಕ್ಕೆ ಸುತ್ತಿ ಬರುವ ದಾರಿ ತೆರೆದೇ ಇತ್ತು. ಒಂದೊಂದೂ ಬಿಡಿಯಾಗಿ ಸಣ್ಣದು. ಯಾವುದಾದರೂ ಒಂದು ಕೊಂಡಿ ಕಳಚಿದ್ದರೆ 158 ಮನೆಗಳಲ್ಲಿ ಅಂದು ಹಬ್ಬವಿರುತ್ತಿತ್ತು. ಸಣ್ಣ ದೋಷಗಳು ಒಂದೇ ಸಾಲಿನಲ್ಲಿ ನಿಂತಾಗ ದಾರಿಗೆ ಅಡ್ಡ ಬರುವ ಕೊನೆಯ ಗೋಡೆಯೊಂದು ಇರಬೇಕಾಗುತ್ತದೆ. ಬಜ್ಪೆಯಲ್ಲಿ ಆ ಗೋಡೆ ತೆಳ್ಳಗಿತ್ತು. ರನ್‌ವೇಯ ಅಂತ್ಯದ ಸುರಕ್ಷಾ ಪ್ರದೇಶ 90 ಮೀಟರ್ ಇತ್ತು. ಅಂತರರಾಷ್ಟ್ರೀಯ ನಿಯಮದ ಕನಿಷ್ಠ ಅಗತ್ಯ ಅಷ್ಟೇ. ಅದೇ ನಿಯಮಾವಳಿ ಸಾಧ್ಯವಾದಲ್ಲಿ ಇರಲಿ ಎಂದು ಹೇಳುವುದು 240 ಮೀಟರ್. ನಿಯಮದ ಉಲ್ಲಂಘನೆ ಆಗಿರಲಿಲ್ಲ. ನಿಯಮದ ಕನಿಷ್ಠವನ್ನು ಮುಟ್ಟಿದ್ದರಿಂದ ಕರ್ತವ್ಯ ಮುಗಿಯಿತೇ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವನ್ನು ಅದೇ ವರ್ಷ ಇನ್ನೊಂದು ಗುಡ್ಡ ಕೊಟ್ಟಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಚಾರ್ಲ್ಸ್‌ಟನ್ ನಗರದ ವಿಮಾನ ನಿಲ್ದಾಣವೂ ಬೆಟ್ಟದ ನೆತ್ತಿಯನ್ನು ತರಿದು ಮಾಡಿದ್ದು. ಅಲ್ಲಿಯೂ ಅಂಚಿನಾಚೆ ಇಳಿಜಾರು. 2010ರ ಜನವರಿ 19ರಂದು ಅಲ್ಲಿಂದ ಏರಬೇಕಾಗಿದ್ದ ಸಣ್ಣ ಜೆಟ್ ವಿಮಾನದಲ್ಲಿ 34 ಜನರಿದ್ದರು. ಪೈಲಟ್‌ಗಳು ಕೆಲಸಕ್ಕೆ ಸಂಬಂಧಿಸದ ಹರಟೆಯಲ್ಲಿದ್ದು ರೆಕ್ಕೆಯ ಫ್ಲ್ಯಾಪುಗಳನ್ನು ತಪ್ಪಾಗಿ ಹೊಂದಿಸಿದ್ದರು. ಓಟದ ನಡುವೆ ಅದನ್ನು ಕಂಡು, ತಡವಾಗಿ ಹಾರಾಟವನ್ನು ಕೈಬಿಟ್ಟರು. ವಿಮಾನ ರನ್‌ವೇಯನ್ನು ದಾಟಿತು. ಆದರೆ ಅದಕ್ಕೆ ಮೂರು ವರ್ಷಗಳ ಹಿಂದಷ್ಟೆ ಅಲ್ಲಿ, ಉದ್ದನೆಯ ಸುರಕ್ಷಾ ಪ್ರದೇಶಕ್ಕೆ ಜಾಗವಿಲ್ಲದ ಕಾರಣ, ಚಕ್ರದ ಭಾರಕ್ಕೆ ಪುಡಿಯಾಗುವ ಹಗುರ ಕಾಂಕ್ರೀಟಿನ ಹಾಸನ್ನು ಹಾಕಲಾಗಿತ್ತು. ಒಡೆದ ಹಾಸಿನಲ್ಲಿ ಚಕ್ರಗಳು ಹೂತು, ವಿಮಾನದ ವೇಗವೆಲ್ಲ ಕಾಂಕ್ರೀಟನ್ನು ಪುಡಿ ಮಾಡುವುದರಲ್ಲೇ ಕರಗಿಹೋಗುತ್ತದೆ. ವಿಮಾನ ನಿಂತಿತು. ಯಾರಿಗೂ ಗಾಯವಾಗಲಿಲ್ಲ.

ಎರಡೂ ಕಡೆ ತಪ್ಪಿದವರು ಮನುಷ್ಯರೇ. ಚಾರ್ಲ್ಸ್‌ಟನ್ನಿನ ಪೈಲಟ್‌ಗಳು ಬಜ್ಪೆಯ ಪೈಲಟ್‌ಗಿಂತ ಪುಣ್ಯವಂತರೂ ಅಲ್ಲ, ಜಾಗರೂಕರೂ ಅಲ್ಲ. ಒಂದು ಕಡೆ ತಪ್ಪು ವಿಚಾರಣೆಯ ಕಡತವಾಯಿತು. ಇನ್ನೊಂದು ಕಡೆ ತಪ್ಪು ಶ್ಮಶಾನವಾಯಿತು. ಈ ವ್ಯತ್ಯಾಸಕ್ಕೆ ಯಾರು ಹೊಣೆ? ಇಂತಹ ಹಾಸನ್ನು, ವಿಶೇಷವಾಗಿ ಗುಡ್ಡದ ಮೇಲಿನ ನಿಲ್ದಾಣಗಳಲ್ಲಿ, ಅಳವಡಿಸಬೇಕೆಂದು ಮಂಗಳೂರಿನ ವಿಚಾರಣಾ ನ್ಯಾಯಾಲಯವೂ ಶಿಫಾರಸು ಮಾಡಿತು.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ಶ್ರಾವಕ ಕುಟುಂಬಗಳ ಮಕ್ಕಳಿಗೂ ಗೊತ್ತಿರುವ ತತ್ತ್ವ. ಪ್ರಮಾದವೆಂದರೆ ಎಚ್ಚರಗೇಡಿತನ. ಪೈಲಟ್‌ನ ಪ್ರಮಾದ ಅರ್ಧ ಗಂಟೆಯದು, ನಿದ್ದೆಗಣ್ಣಿನದು, ಆತ ಅದಕ್ಕೆ ತನ್ನ ಪ್ರಾಣವನ್ನೇ ತೆತ್ತ. ಆದರೆ ಹಗಲಿನ ಬೆಳಕಿನಲ್ಲಿ, ಮೇಜಿನ ಮುಂದೆ ಕುಳಿತು, ವರ್ಷಗಟ್ಟಲೆ ಸಮಯವಿದ್ದೂ, ಯಾರಾದರೊಬ್ಬರು ಎಂದಾದರೊಂದು ದಿನ ಇಲ್ಲಿ ತಡವಾಗಿ ಇಳಿದೇ ಇಳಿಯುತ್ತಾರೆ ಎಂದು ಯೋಚಿಸದೆ ಇರುವುದು ಯಾವ ಬಗೆಯ ಎಚ್ಚರ? ಪೈಲಟ್‌ನ ದೋಷವನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ದೋಷಿ ಸಿಕ್ಕಿದನೆಂಬ ಸಮಾಧಾನದಲ್ಲಿ ಉಳಿದವರ ಪ್ರಮಾದ ಮುಚ್ಚಿಹೋಗುತ್ತದೆ. ಮುಚ್ಚಿಹೋದ ಪ್ರಮಾದ ಮತ್ತೊಮ್ಮೆ ಫಲ ಕೊಡುತ್ತದೆ.

ಹಾಗೆಯೇ ಆಯಿತು. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನ ಕರಿಪ್ಪೂರಿನಲ್ಲಿ, ಅದೂ ಗುಡ್ಡದ ಮೇಲಿನ ನಿಲ್ದಾಣವೇ, ದುಬೈಯಿಂದ ಬಂದ ಇನ್ನೊಂದು ವಿಮಾನ ಮಳೆಯಲ್ಲಿ, ಹಿಂಗಾಳಿಯಲ್ಲಿ, ರನ್‌ವೇಯ ಅರ್ಧದಷ್ಟು ದೂರ ಕಳೆದ ಮೇಲೆ ನೆಲ ಮುಟ್ಟಿ, ಅಂಚು ದಾಟಿ ಕೆಳಗುರುಳಿತು. 190 ಮಂದಿಯಲ್ಲಿ ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ತೀರಿಕೊಂಡರು. ಹತ್ತು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಶಿಫಾರಸಾದ ಹಾಸು ಅಲ್ಲಿಯೂ ಇರಲಿಲ್ಲ.

ಎಡೆಯೆಂದರೆ ನೆಲದ ಮೇಲಿನ ಮೀಟರುಗಳಷ್ಟೇ ಅಲ್ಲ. ಕಿರಿಯನ ಮಾತಿಗೆ ಇರುವ ಜಾಗವೂ ಎಡೆಯೇ. ಬಜ್ಪೆಯ ದುರಂತದಲ್ಲಿ ಮನಸ್ಸಿಗೆ ಅತ್ಯಂತ ನೋವುಂಟುಮಾಡುವ ಸಂಗತಿ ಸಹಪೈಲಟ್‌ನ ಆ ಮೂರು ಕೂಗುಗಳು. ತಪ್ಪು ಆತನಿಗೆ ಕಂಡಿತ್ತು, ಆತ ಹೇಳಿದ್ದ. ಹೇಳುವುದರಾಚೆಗೆ ಏನು ಮಾಡಬಹುದೆಂಬುದು ಮಾತ್ರ ಮಬ್ಬಾಗಿತ್ತು. ಮೇಲೇರಿ ಸುತ್ತಿ ಬರುವುದನ್ನು ಅಸಾಮರ್ಥ್ಯವೆಂದು ಬಗೆಯುವ ವಾತಾವರಣವಿದ್ದರೆ ಹಿರಿಯನು ಹಟ ಹಿಡಿಯುತ್ತಾನೆ, ಕಿರಿಯನು ಅಳುಕುತ್ತಾನೆ. ಅನಂತರದ ವರ್ಷಗಳಲ್ಲಿ, ಗೋ ಅರೌಂಡ್ ಮಾಡಿದುದಕ್ಕಾಗಿ ಪೈಲಟ್‌ನನ್ನು ದೋಷಿಯೆಂದು ಕಾಣಕೂಡದು ಎಂಬ ನೀತಿ ಭಾರತದ ವಿಮಾನಯಾನದಲ್ಲಿ ಅಂಗೀಕಾರವಾಯಿತು. ಒಂದಿಷ್ಟು ಇಂಧನ, ಹತ್ತು ಹದಿನೈದು ನಿಮಿಷದ ವಿಳಂಬ. ಪ್ರಾಣದ ಮುಂದೆ ಅದರ ಬೆಲೆಯೆಷ್ಟು?

ಇದಕ್ಕೆ ಒಂದು ಆಕ್ಷೇಪವಿದೆ, ಅದು ತಳ್ಳಿಹಾಕುವಂಥದಲ್ಲ. ತಪ್ಪಿಗೆ ಎಡೆಯಿಟ್ಟರೆ ಜನ ತಪ್ಪನ್ನೇ ರೂಢಿ ಮಾಡಿಕೊಳ್ಳರೇ? ಹಾಸು ಇದೆಯೆಂದು ಪೈಲಟ್‌ಗಳು ಉದಾಸೀನರಾಗರೇ? ಎಡೆಯನ್ನು ದಿನನಿತ್ಯದ ಆಸ್ತಿಯಂತೆ ಖರ್ಚು ಮಾಡುವ ಅಪಾಯ ನಿಜವಾಗಿಯೂ ಇದೆ. ವ್ಯಾಪಾರಿ ಮೀಸಲು ನಿಧಿಯನ್ನು ಬಂಡವಾಳದಂತೆ ತೊಡಗಿಸತೊಡಗಿದರೆ ಒಂದು ಕೆಟ್ಟ ಹಂಗಾಮು ಸಾಕು, ಅಂಗಡಿಯ ಬಾಗಿಲು ಮುಚ್ಚಲು. ಇಲ್ಲಿ ಆಚಾರಗ್ರಂಥಗಳ ವಿವೇಕ ನೆರವಿಗೆ ಬರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಗೃಹಸ್ಥನ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸುತ್ತದೆ. ವ್ರತಕ್ಕೆ ಕಲೆ ತಗುಲುವುದು ಅತಿಚಾರ. ವ್ರತವೇ ಮುರಿದುಬೀಳುವುದು ಅನಾಚಾರ. ಇವೆರಡರ ನಡುವೆ ಅಂತರವನ್ನು ಇಟ್ಟಿರುವುದು ಕಲೆಯನ್ನು ಕ್ಷಮಿಸಿ ಮರೆಯಲೆಂದಲ್ಲ. ಹೆಸರಿಟ್ಟು ಗುರುತಿಸಿ, ಆಲೋಚನೆ ಮಾಡಿ, ಮುರಿಯುವ ಮೊದಲೇ ತಿದ್ದಿಕೊಳ್ಳಲೆಂದು. ಎಡೆಯನ್ನು ಬಳಸಿದ ಪ್ರತಿಯೊಂದು ಸಂದರ್ಭವೂ ಲೆಕ್ಕಕ್ಕೆ ಬರಬೇಕು. ವಿಮಾನ ತಡವಾಗಿ ಇಳಿದೂ ಕ್ಷೇಮವಾಗಿ ನಿಂತ ದಿನವೇ ವಿಚಾರಣೆಯ ದಿನ. 1981ರಲ್ಲಿ ಅಂಚಿನಲ್ಲಿ ನಿಂತ ಆವ್ರೋ ಅಂತಹದೊಂದು ಅತಿಚಾರ. ಏನೂ ಆಗಲಿಲ್ಲವೆಂಬ ಸಮಾಧಾನ ಒಂದನ್ನೊಂದು ಸರಿದೂಗಿಸಿದ ಎರಡು ತಪ್ಪುಗಳ ತಾಳೆಪಟ್ಟಿಯಂತೆ. ಕೂಡಿಬರುತ್ತದೆ, ಸತ್ಯ ಹೇಳುವುದಿಲ್ಲ.

ಸೋಲನ್ನು ಹೀಗೆ ಲೆಕ್ಕಕ್ಕೆ ಹಿಡಿದವರ ನಿದರ್ಶನವೂ ಕನ್ನಡನಾಡಿನಲ್ಲೇ ಇದೆ. ಬೆಂಗಳೂರಿನ ಇಸ್ರೋ ಸಂಸ್ಥೆಯ ಚಂದ್ರಯಾನ-2ರ ವಿಕ್ರಮ್ ನೌಕೆ 2019ರ ಸೆಪ್ಟೆಂಬರ್ 7ರಂದು ಚಂದ್ರನ ಮೇಲೆ ಅಪ್ಪಳಿಸಿತು. ಎಂಜಿನ್ನುಗಳ ಬಲ ನಿರೀಕ್ಷೆಗಿಂತ ತುಸು ಹೆಚ್ಚಾಯಿತು. ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋದವು. ತಿದ್ದಿಕೊಳ್ಳಲು ನೌಕೆಗೆ ಕೊಟ್ಟಿದ್ದ ಮಿತಿ ಸಾಲಲಿಲ್ಲ. ಇಳಿಯಬೇಕಾದ ಜಾಗವೂ 500 ಮೀಟರ್ ಚೌಕದಷ್ಟು ಕಿರಿದಾಗಿತ್ತು. ಮುಂದಿನ ನೌಕೆಯನ್ನು ಯಶಸ್ಸನ್ನು ಆಧರಿಸಿ ಅಲ್ಲ, ವೈಫಲ್ಯವನ್ನು ಆಧರಿಸಿ ರಚಿಸಲಾಗಿದೆಯೆಂದು ಇಸ್ರೋದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಹೇಳಿದರು. ಏನೇನು ಕೆಡಬಹುದು ಎಂದು ಮೊದಲು ಪಟ್ಟಿ ಮಾಡಿ, ಕೆಟ್ಟರೂ ಇಳಿಯುವಂತೆ ಕಟ್ಟುವುದು ಆ ಮಾತಿನ ಅರ್ಥ. ಇಳಿಯುವ ಜಾಗ 4 ಕಿಲೋಮೀಟರಿಗೆ 2.4 ಕಿಲೋಮೀಟರಿನಷ್ಟು ವಿಶಾಲವಾಯಿತು, ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಕ್ಷೇಮವಾಗಿ ಇಳಿಯಿತು. ಯಂತ್ರವನ್ನು ನಿರ್ದೋಷವೆಂದು ನಂಬದೆ, ಅದರ ದೋಷಗಳಿಗೆ ಜಾಗ ಬಿಟ್ಟುದರ ಫಲವಿದು.

ಇದೆಲ್ಲ ದೊಡ್ಡವರ ಮಾತೆಂದು ತಿಳಿಯಬೇಕಾಗಿಲ್ಲ. ಬಸದಿಯ ಟ್ರಸ್ಟುಗಳು, ಮನೆಯ ಹಿರಿಯರು ತಮ್ಮ ತಮ್ಮ ಮಟ್ಟದಲ್ಲಿ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ಮಸ್ತಕಾಭಿಷೇಕಕ್ಕೆ ಕಟ್ಟುವ ಅಟ್ಟಳಿಗೆಯ ಮೇಲೆ ಎಣಿಸಿದುದಕ್ಕಿಂತ ಹೆಚ್ಚು ಜನ ಹತ್ತಿದರೆ ಅದು ತಾಳುವುದೇ? ಜಾತ್ರೆಯ ದಿನ ಒಬ್ಬ ವೃದ್ಧೆ ಮೆಟ್ಟಿಲಿನಲ್ಲಿ ಎಡವಿದರೆ ಹಿಂದಿನವರಿಗೆ ಸರಿಯಲು ಇನ್ನೊಂದು ದಾರಿ ಇದೆಯೇ? ಊಟದ ಮನೆಯಲ್ಲಿ ಗ್ಯಾಸು ಸೋರಿದರೆ ಅಡಿಗೆಯವರು ಯಾವ ಬಾಗಿಲಿನಿಂದ ಹೊರಬರುತ್ತಾರೆ? ಒದ್ದೆಗೈಯ ಹುಡುಗ ಅಲಂಕಾರದ ದೀಪದ ತಂತಿಯನ್ನು ಮುಟ್ಟಿದರೆ ವಿದ್ಯುತ್ತು ತಾನಾಗಿ ನಿಲ್ಲುವುದೇ? ಬ್ಯಾಂಕಿನ ಚೆಕ್ಕಿಗೆ ಎರಡು ಸಹಿಗಳಿವೆಯೇ, ಅಥವಾ ಒಬ್ಬರ ಪ್ರಾಮಾಣಿಕತೆಯ ಮೇಲೆ ಎಲ್ಲ ಭಾರವನ್ನೂ ಹೊರಿಸಲಾಗಿದೆಯೇ? ‘ಹುಷಾರಾಗಿರಿ’ ಎಂಬ ಫಲಕ ಇವುಗಳಲ್ಲಿ ಯಾವುದಕ್ಕೂ ಉತ್ತರವಲ್ಲ. ಅದು ಭಾರವನ್ನು ನಿರ್ಮಿಸಿದವನ ಹೆಗಲಿನಿಂದ ಬಳಸುವವನ ಹೆಗಲಿಗೆ ದಾಟಿಸುತ್ತದೆ, ಅಷ್ಟೆ.

ತನ್ನ ನಡೆಯಲ್ಲಿ ಒಬ್ಬನು ಎಷ್ಟು ಕಟ್ಟುನಿಟ್ಟಾಗಿದ್ದರೂ ಲೇಸು. ಇತರರಿಗಾಗಿ ಕಟ್ಟುವಾಗ ಮಾತ್ರ ಅವರೂ ತನ್ನಷ್ಟೇ ಕಟ್ಟುನಿಟ್ಟಾಗಿರುತ್ತಾರೆಂದು ಎಣಿಸುವುದು ನಿರ್ದಯ. ದಣಿದವನು, ಮುದುಕ, ಮಗು, ಹೊಸಬ, ನಿದ್ದೆಗೆಟ್ಟವನು, ಇವರೆಲ್ಲರೂ ಆ ದಾರಿಯಲ್ಲಿ ನಡೆಯುವವರೇ. ಅವರು ಎಡವಿದಾಗ ಬೀಳಲು ಒಂದಿಷ್ಟು ಮೆತ್ತನೆಯ ನೆಲವನ್ನು ಮೊದಲೇ ಹಾಸಿಡುವುದು ಕಟ್ಟುವವನ ಅಹಿಂಸೆ. ಆ ನೆಲ ವರ್ಷಗಟ್ಟಲೆ ಯಾರ ಉಪಯೋಗಕ್ಕೂ ಬಾರದೆ ಬಿದ್ದಿರಬಹುದು. ಲೆಕ್ಕದ ಪುಸ್ತಕದಲ್ಲಿ ವ್ಯರ್ಥವೆಂದೇ ಕಾಣಬಹುದು. ಅದು ಹಾಗೆ ವ್ಯರ್ಥವಾಗಿಯೇ ಉಳಿಯಲೆಂದು ಹಾರೈಸುತ್ತ, ವರ್ಷ ವರ್ಷವೂ ಅದನ್ನು ಕಾಪಾಡುತ್ತ ಬರುವುದು ಹೊಣೆ ಹೊತ್ತವರ ಕೆಲಸ.